ಕ್ಲೇಮಿನ ಹಣೆಬರಹ ಮೊದಲ ದಿನವೇ ಬರೆದಾಗಿರುತ್ತದೆ

ಮಾನ್ಯ ಸಂಪಾದಕರೇ,

ವಿಮೆ ಏಕೆ ಮಾಡಿಸಬೇಕು, ಯಾವ ಪಾಲಿಸಿ ಒಳ್ಳೆಯದು ಎಂಬ ಬರಹಗಳಿಗೆ ಪತ್ರಿಕೆಗಳಲ್ಲಿ ಬರವಿಲ್ಲ. ಆದರೆ ಆ ಪಾಲಿಸಿಯಿಂದ ಹಣ ಬರಬೇಕಾದ ದಿನ ಏನು ಮಾಡಬೇಕು ಎಂದು ಹೇಳಿಕೊಡುವವರು ಕಡಿಮೆ. ನಾನು ನಷ್ಟ ಪರಿಶೀಲಿಸುವ ಸರ್ವೇಯರ್ ಆಗಿ ದುಡಿದು ನಿವೃತ್ತಳಾದವಳು. ಸುಟ್ಟ ಮನೆ, ನೀರು ನುಗ್ಗಿದ ಮನೆ, ನಜ್ಜುಗುಜ್ಜಾದ ಕಾರುಗಳ ನಡುವೆಯೇ ನನ್ನ ಕೆಲಸ ನಡೆಯಿತು. ಕೊನೆಯ ವರ್ಷಗಳಲ್ಲಿ ಪ್ರವಾಸ ವಿಮೆಯ ಕಡತಗಳನ್ನೂ ನೋಡಿದೆ. ನ್ಯಾಯವಾಗಿ ಸಿಗಬೇಕಾದ ಹಣ ಕೈತಪ್ಪಿದ ಎಷ್ಟೋ ಜನರ ಎದುರು ಕೂತಿದ್ದೇನೆ. ಅವರಲ್ಲಿ ಬಹುಪಾಲು ಮಂದಿ ಸುಳ್ಳು ಹೇಳಿದವರಲ್ಲ. ಮೊದಲ ದಿನದ ಗಾಬರಿಯಲ್ಲಿ ಸಾಕ್ಷ್ಯವನ್ನು ತಾವೇ ಅಳಿಸಿದವರು, ಇಲ್ಲವೇ ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಫಾರಂನಲ್ಲಿ ತುಂಬಿದವರು. ಅದಕ್ಕೇ ಈ ಪತ್ರ. ದೀರ್ಘವಾಗುತ್ತದೆ, ದಯವಿಟ್ಟು ಸೈರಿಸಿಕೊಳ್ಳಿ.

ಒಂದು ಅಡುಗೆಮನೆಗೆ ಬೆಂಕಿ ಬಿದ್ದಿತ್ತು. ನಾನು ಹೋಗುವ ಹೊತ್ತಿಗೆ ಗೋಡೆ ತೊಳೆದು ಬಣ್ಣ ಬಳಿದಾಗಿತ್ತು. ವಯಸ್ಸಾದ ತಂದೆತಾಯಿ ಆ ಕರಿ ಗೋಡೆ ನೋಡಿ ಕೊರಗಬಾರದೆಂದು ಮಕ್ಕಳೇ ನಿಂತು ಎಲ್ಲ ಚೊಕ್ಕ ಮಾಡಿಸಿದ್ದರು. ಸುಟ್ಟ ಫ್ರಿಜ್, ಕಪಾಟು, ವೈರಿನ ತುಂಡುಗಳೆಲ್ಲ ಗುಜರಿಗೆ ಹೋಗಿದ್ದವು. ಆ ಮಕ್ಕಳ ಮನಸ್ಸು ನನಗೆ ಅರ್ಥವಾಯಿತು. ಆದರೆ ವರದಿಯಲ್ಲಿ ನಾನು ಬರೆಯಬಹುದಾದದ್ದು ನಾನು ಕಂಡದ್ದನ್ನು ಮಾತ್ರ, ಕಂಡದ್ದು ಹೊಸ ಬಣ್ಣದ ಗೋಡೆ. ಬೆಂಕಿ ಬಿದ್ದದ್ದಕ್ಕೆ ಅಗ್ನಿಶಾಮಕ ದಳದ ವರದಿ ಇತ್ತು. ಏನೇನು ಸುಟ್ಟಿತು, ಎಷ್ಟು ಸುಟ್ಟಿತು ಎಂಬುದಕ್ಕೆ ಒಂದು ಫೋಟೊ ಕೂಡ ಇರಲಿಲ್ಲ. ಅವರ ಕೈಗೆ ಬಂದ ಹಣ ಆದ ನಷ್ಟದ ಅರ್ಧಕ್ಕೂ ಸಾಲಲಿಲ್ಲ. ಆ ಕಡತ ಮುಚ್ಚಿದ ದಿನ ನನಗೂ ಊಟ ಸೇರಲಿಲ್ಲ.

ಸರ್ವೇಯರ್ ಎಂದರೆ ಘಟನೆ ನಡೆದಾಗ ಅಲ್ಲಿ ಇಲ್ಲದವನು. ನಡೆದದ್ದನ್ನು ಅವನ ಕಣ್ಣಿಗೆ ಕಾಣಿಸುವುದೇ ಕ್ಲೇಮು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ತಾನಾಗಿ ಹೊಳೆಯುತ್ತದೆ.

ಮೊದಲು ಜೀವ. ಗ್ಯಾಸ್ ಬಂದ್ ಮಾಡಿ, ಮೇನ್ ಸ್ವಿಚ್ ಆರಿಸಿ, ಒದ್ದೆ ನೆಲದ ಮೇಲೆ ನಿಂತು ಯಾವ ಉಪಕರಣವನ್ನೂ ಮುಟ್ಟಬೇಡಿ. ಆಮೇಲೆ ಫೋಟೊ, ಆಮೇಲೆ ಕಂಪನಿಗೆ ಫೋನು, ಶುಚಿ ಮಾಡುವುದು ಕೊನೆಗೆ. ಹಾಗೆಂದು ಚಾವಣಿ ಸೋರುತ್ತಿರುವಾಗ ಸರ್ವೇಯರ್ ಬರಲಿ ಎಂದು ಕೈಕಟ್ಟಿ ಕೂರುವುದೂ ತಪ್ಪು. ವಿಮೆಯೇ ಇಲ್ಲದ ಒಬ್ಬ ಎಚ್ಚರದ ಮನುಷ್ಯ ಏನು ಮಾಡುತ್ತಿದ್ದನೋ ಅದನ್ನು ಪಾಲಿಸಿದಾರನೂ ಮಾಡಬೇಕು ಎಂಬುದು ವಿಮೆಯ ಹಳೆಯ ನಿಯಮ. ಚಾವಣಿಗೆ ಟಾರ್ಪಾಲು ಹೊದಿಸಿ, ಒಡೆದ ಕಿಟಕಿಗೆ ಹಲಗೆ ಬಡಿಯಿರಿ, ನೀರಿನ ವಾಲ್ವ್ ತಿರುಗಿಸಿ, ಒಣಗಿದ ಕೋಣೆಗೆ ಸಾಮಾನು ಸಾಗಿಸಿ. ನಷ್ಟ ಹೆಚ್ಚದಂತೆ ಮಾಡಿದ ಇಂಥ ತುರ್ತು ಖರ್ಚಿನ ರಸೀದಿಗಳನ್ನು ಒಂದು ಲಕೋಟೆಯಲ್ಲಿಡಿ, ಅವೂ ಕ್ಲೇಮಿಗೆ ಸೇರುತ್ತವೆ. ಕಿತ್ತು ಹಾಕಿದ ಪೈಪು, ಸುಟ್ಟ ಸರ್ಕ್ಯೂಟ್ ಬೋರ್ಡು, ಒಡೆದ ಗಾಜಿನ ತುಂಡು ಇವನ್ನು ಬಿಸಾಡಬೇಡಿ. ನೆನೆದು ಕೊಳೆತು ನಾರುವ ಹಾಸಿಗೆಯನ್ನು ಇಟ್ಟುಕೊಂಡಿರಲಾಗದು ನಿಜ. ಅದರ ಫೋಟೊ ತೆಗೆದು, ‘ಆರೋಗ್ಯದ ಕಾರಣಕ್ಕೆ ಇದನ್ನು ಹೊರಹಾಕಬೇಕಿದೆ, ಒಪ್ಪಿಗೆ ಕೊಡಿ’ ಎಂದು ಕಂಪನಿಗೆ ಒಂದು ಸಾಲು ಬರೆಯಿರಿ. ಉತ್ತರ ತಡವಾದರೂ ನೀವು ಕೇಳಿದ್ದಿರಿ ಎಂಬುದಕ್ಕೆ ದಾಖಲೆ ಇರುತ್ತದೆ.

ಫೋಟೊ ಎಂದರೆ ಎಲ್ಲರೂ ಮುರಿದ ಜಾಗಕ್ಕೆ ಮೊಬೈಲ್ ಅಂಟಿಸಿದಂತೆ ತೆಗೆಯುತ್ತಾರೆ. ಅದು ಯಾರ ಮನೆಯ ಯಾವ ಗೋಡೆಯೆಂದು ನೋಡಿದವರಿಗೆ ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತು ಇಡೀ ಕೋಣೆ ಮೊದಲು, ಹತ್ತಿರ ಹೋಗಿ ಒಂದು, ಹಾನಿಯಾದ ಭಾಗದ್ದು ಮತ್ತೊಂದು. ನೀರು ನುಗ್ಗಿದ್ದರೆ ಗೋಡೆಯ ಮೇಲೆ ಉಳಿದ ಕಲೆಯ ಗೆರೆಗೆ ಅಳತೆಪಟ್ಟಿ ಹಿಡಿದು ತೆಗೆಯಿರಿ. ಆ ಗೆರೆ ಒಣಗಿ ಮಾಸುತ್ತದೆ. ಎಷ್ಟು ಎತ್ತರದವರೆಗಿನ ಸಾಮಾನು ನೆನೆಯಿತು ಎಂಬ ವಾದಕ್ಕೆ ಅದರಷ್ಟು ಗಟ್ಟಿ ಉತ್ತರ ಬೇರೆ ಇಲ್ಲ. ಟಿವಿ, ವಾಷಿಂಗ್ ಮೆಷಿನ್, ಫ್ರಿಜ್‌ಗಳ ಹಿಂಬದಿಯ ಚೀಟಿಯಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ನಂಬರು ಓದಲು ಬರುವಂತಿರಲಿ. ಮೆಸೇಜ್ ಆ್ಯಪ್‌ಗಳ ಮೂಲಕ ಕಳಿಸಿದ ಫೋಟೊ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಜಾಗದ ವಿವರವೂ ಅದರೊಳಗಿಂದ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಆದ್ದರಿಂದ ಮೂಲ ಫೈಲು ಫೋನಿನಲ್ಲಿ ಉಳಿಯಲಿ, ಇನ್ನೊಂದು ಪ್ರತಿ ಬೇರೆ ಕಡೆಯೂ ಇರಲಿ. ಮಸಿ ಕೂತ ಎಲೆಕ್ಟ್ರಾನಿಕ್ ಸಾಮಾನನ್ನು ಒರೆಸಿ, ಹಾಕಿ ನೋಡುವ ಆತುರ ಬೇಡ. ಹೊಗೆಯ ಮಸಿಯಲ್ಲಿ ಆಮ್ಲದ ಅಂಶ ಇರುತ್ತದೆ, ಲೋಹವನ್ನು ತಿನ್ನುತ್ತದೆ, ಕರೆಂಟು ಹರಿದರೆ ಉಳಿಯಬಹುದಾಗಿದ್ದ ಯಂತ್ರವೂ ಕೆಡುತ್ತದೆ.

ಫೋನು ಮಾಡಿದಾಗ ಕ್ಲೇಮ್ ನಂಬರು ಕೇಳಿ ಪಡೆಯಿರಿ. ಪಾಲಿಸಿ ಮಾರಿದ ಏಜೆಂಟರಿಗೆ ಹೇಳಿದರೆ ಕಂಪನಿಗೆ ಹೇಳಿದಂತಾಯಿತು ಎಂಬ ನಂಬಿಕೆಯಲ್ಲಿ ವಾರಗಟ್ಟಲೆ ಕಾದವರಿದ್ದಾರೆ. ಏಜೆಂಟರು ಒಳ್ಳೆಯವರೇ ಇರಬಹುದು, ಆದರೆ ನಂಬರು ಸಿಗುವವರೆಗೆ ನಿಮ್ಮ ಕ್ಲೇಮು ಎಲ್ಲೂ ಹುಟ್ಟಿಲ್ಲ. ಯಾರ ಜೊತೆ ಮಾತಾಡಿದಿರಿ, ಎಷ್ಟು ಹೊತ್ತಿಗೆ, ಅವರು ಏನೆಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಾತಾಡಿದ್ದನ್ನೇ ಎರಡು ಸಾಲಿನಲ್ಲಿ ಇಮೇಲ್ ಮಾಡಿದರೆ ಇನ್ನೂ ಒಳ್ಳೆಯದು.

ಈಗ ಫಾರಂ. ‘ನಷ್ಟಕ್ಕೆ ಕಾರಣ’ ಎಂಬ ಖಾಲಿ ಜಾಗವೇ ಅದರಲ್ಲಿ ಅತ್ಯಂತ ಅಪಾಯದ ಜಾಗ ಎಂದು ನಾನು ಈಗಲೂ ನಂಬಿದ್ದೇನೆ. ಬೆಂಕಿ ಬಿದ್ದಾಗಲೆಲ್ಲ ಜನ ಅಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂದು ಬರೆಯುತ್ತಾರೆ. ಪಕ್ಕದ ಮನೆಯವರು ಹೇಳಿದರು, ಪತ್ರಿಕೆಯಲ್ಲೂ ಯಾವಾಗಲೂ ಹಾಗೇ ಓದಿದ್ದೇವೆ. ಆದರೆ ವೈರು ಮಾತಾಡುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ವಿದ್ಯುತ್ ಕಿಡಿ ಹಾರಿ ಕರಗಿದ ತಾಮ್ರದ ತುದಿಯಲ್ಲಿ ಸಣ್ಣ ನುಣುಪಾದ ಮಣಿ ಕಟ್ಟಿರುತ್ತದೆ, ಅದರ ಪಕ್ಕದಲ್ಲೇ ವೈರು ಮೊದಲಿನ ಆಕಾರದಲ್ಲಿ ಉಳಿದಿರುತ್ತದೆ. ಹೊರಗಿನ ಬೆಂಕಿಯಲ್ಲಿ ಬೆಂದ ವೈರು ಉದ್ದಕ್ಕೂ ತೆಳುವಾಗಿ, ಜೋತು, ಎಲ್ಲೆಂದರಲ್ಲಿ ಕರಗಿರುತ್ತದೆ. ನೋಡಿ ಪಳಗಿದವರಿಗೆ ಎರಡರ ವ್ಯತ್ಯಾಸದ ಸುಳಿವು ಸಿಗುತ್ತದೆ, ಅನುಮಾನವಿದ್ದರೆ ಪ್ರಯೋಗಾಲಯವಿದೆ. ಒಲೆಯ ಮೇಲಿಟ್ಟ ಎಣ್ಣೆಯಿಂದ ಹತ್ತಿಕೊಂಡ ಬೆಂಕಿಯೂ ಎಷ್ಟೋ ಪಾಲಿಸಿಗಳಲ್ಲಿ ಸೇರಿಯೇ ಇರುತ್ತದೆ. ಅದನ್ನು ಶಾರ್ಟ್ ಸರ್ಕ್ಯೂಟ್ ಎಂದು ಬರೆದುಕೊಟ್ಟು, ಪರೀಕ್ಷೆಯಲ್ಲಿ ಅದು ತಪ್ಪೆಂದಾದಾಗ, ಕೊಡಬೇಕಾಗಿದ್ದ ಹಣದ ಮೇಲೂ ಅನುಮಾನದ ನೆರಳು ಬೀಳುತ್ತದೆ.

ಕಂಡದ್ದನ್ನು ಬರೆಯಿರಿ. ‘ಸಂಜೆ ಸುಮಾರು ಏಳಕ್ಕೆ ಹಜಾರದಲ್ಲಿದ್ದೆ, ಸುಟ್ಟ ವಾಸನೆ ಬಂತು, ಹೋಗಿ ನೋಡಿದಾಗ ಫ್ರಿಜ್ಜಿನ ಹಿಂದಿನಿಂದ ಹೊಗೆ ಬರುತ್ತಿತ್ತು, ಹೇಗೆ ಹತ್ತಿತೆಂದು ಗೊತ್ತಿಲ್ಲ’ ಎಂದರೆ ಸಾಕು. ‘ಗೊತ್ತಿಲ್ಲ’ ಎಂಬುದು ಪೂರ್ಣ ಉತ್ತರ. ಕಾರಣ ಹುಡುಕುವುದು ಸರ್ವೇಯರ್ ಕೆಲಸ, ಅದಕ್ಕೇ ಅವನಿಗೆ ಸಂಬಳ.

ನೀರಿನ ಕ್ಲೇಮುಗಳಲ್ಲಿ ಇದು ಇನ್ನೂ ಸೂಕ್ಷ್ಮ. ದಿಢೀರನೆ ಒಡೆದ ಪೈಪಿಗೆ ಪಾಲಿಸಿ ಹಣ ಕೊಡುತ್ತದೆ, ಬಹುಕಾಲದಿಂದ ಒಸರಿ ಗೋಡೆ ಹಾಳಾದದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಒಂದೇ ಮನೆಯಲ್ಲಿ ಎರಡೂ ಇರುತ್ತವೆ. ಬಚ್ಚಲ ಗೋಡೆಯ ಹಳೆಯ ತೇವ ಒಂದು ಕಡೆ, ನಿನ್ನೆ ರಾತ್ರಿ ಅಟ್ಟದ ಪೈಪು ಒಡೆದು ಹಾಳಾದ ಕೋಣೆ ಇನ್ನೊಂದು ಕಡೆ. ಗಾಬರಿಯಲ್ಲಿ ‘ಮನೆ ಮೊದಲಿಂದಲೂ ಸೋರುತ್ತಿತ್ತು’ ಎಂದು ಒಂದೇ ಉಸಿರಿಗೆ ಹೇಳಿ ಎರಡನ್ನೂ ಬೆರೆಸಿಬಿಡುತ್ತಾರೆ. ಎರಡನ್ನೂ ಬೇರೆಬೇರೆ ತೋರಿಸಿ, ಹಳೆಯದನ್ನು ಹಳೆಯದೆಂದೇ ಹೇಳಿ. ಬೇಕೆಂದು ಹಳೆಯದನ್ನು ಹೊಸದರೊಳಗೆ ತೂರಿಸುವುದು ಮೋಸ, ಅದರ ಪರ ನಾನು ಒಂದಕ್ಷರವೂ ಬರೆಯಲಾರೆ. ಒಂದು ವಸ್ತುವಿನ ಬೆಲೆ ಉಬ್ಬಿಸಿದ್ದಕ್ಕೆ ಇಡೀ ಕ್ಲೇಮನ್ನೇ ತಳ್ಳಿಹಾಕುವ ಅಧಿಕಾರ ಅನೇಕ ಪಾಲಿಸಿಗಳಲ್ಲಿದೆ.

ಮೇಲಿನ ಮನೆಯ ಪೈಪು ಒಡೆದು ನಿಮ್ಮ ಮನೆ ನೆನೆದಿದೆ ಎಂದುಕೊಳ್ಳಿ. ಅವರು ಬಂದು ಕೈಮುಗಿದು, ‘ನಮ್ಮ ಮೇಲೆ ಏನೂ ದೂರಿಲ್ಲ ಎಂದು ಒಂದು ಚೀಟಿ ಬರೆದುಕೊಡಿ’ ಎನ್ನುತ್ತಾರೆ. ನೆರೆಹೊರೆ, ನಾಳೆ ಮುಖ ನೋಡಬೇಕು, ಬರೆದುಕೊಡುತ್ತೀರಿ. ಆದರೆ ನಿಮಗೆ ಹಣ ಕೊಟ್ಟ ಮೇಲೆ, ತಪ್ಪು ಮಾಡಿದವರಿಂದ ಅದನ್ನು ವಸೂಲು ಮಾಡುವ ಹಕ್ಕು ನಿಮ್ಮಿಂದ ಕಂಪನಿಗೆ ವರ್ಗವಾಗುತ್ತದೆ. ನೀವು ಮೊದಲೇ ಆ ಹಕ್ಕನ್ನು ಬಿಟ್ಟುಕೊಟ್ಟಿದ್ದರೆ ಕಂಪನಿ ನಿಮ್ಮ ಹಣವನ್ನೇ ತಡೆಹಿಡಿಯಬಹುದು. ಸಂಬಂಧ ಕೆಡಿಸಿಕೊಳ್ಳಬೇಕಿಲ್ಲ. ‘ವಿಮಾ ಕಂಪನಿಯನ್ನು ಕೇಳದೆ ನಾನು ಏನನ್ನೂ ಬರೆದುಕೊಡುವಂತಿಲ್ಲ’ ಎಂದರೆ ಮಾತು ಮುಗಿಯುತ್ತದೆ, ಅದು ನಿಜವೂ ಹೌದು.

ಮನೆಯ ವಿಷಯದಲ್ಲಿ ಜನರನ್ನು ಅತಿ ಹೆಚ್ಚು ದಂಗುಬಡಿಸುವುದು ವಿಮಾ ಮೊತ್ತದ ಲೆಕ್ಕ. ಮನೆಯನ್ನು ಮತ್ತೆ ಕಟ್ಟಲು ನೂರು ಬೇಕು, ಪ್ರೀಮಿಯಂ ಉಳಿಸಲೆಂದು ಅರವತ್ತಕ್ಕೆ ವಿಮೆ ಮಾಡಿಸಿದ್ದೀರಿ. ಮೂವತ್ತರಷ್ಟು ನಷ್ಟವಾಯಿತು. ಅರವತ್ತರೊಳಗೇ ಇದೆಯಲ್ಲ, ಮೂವತ್ತೂ ಬರುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಸರಾಸರಿ ನಿಯಮ ಇರುವ ಪಾಲಿಸಿಯಲ್ಲಿ ಬರುವುದು ಹದಿನೆಂಟು. ನೂರರಲ್ಲಿ ಅರವತ್ತು ಪಾಲನ್ನಷ್ಟೇ ಕಂಪನಿ ಹೊತ್ತಿತ್ತು, ಉಳಿದ ನಲವತ್ತು ಪಾಲನ್ನು ನೀವೇ ಹೊತ್ತಿದ್ದಿರಿ ಎಂಬುದು ಅದರ ತರ್ಕ. ಈ ಲೆಕ್ಕ ಬಿಡಿಸಿ ಹೇಳುವಾಗ ಎದುರಿನವರ ಮುಖ ಬಿಳಿಚುವುದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ಆ ಹೊತ್ತಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ಆದ್ದರಿಂದ ಪಾಲಿಸಿ ನವೀಕರಿಸುವಾಗಲೇ ನೋಡಿ. ನಿವೇಶನದ ಬೆಲೆಯನ್ನು ಇದರಲ್ಲಿ ಸೇರಿಸಬೇಕಿಲ್ಲ, ನೆಲ ಸುಡುವುದಿಲ್ಲ. ಕಟ್ಟಡವನ್ನು ಇಂದಿನ ದರದಲ್ಲಿ ಮತ್ತೆ ಕಟ್ಟುವ ಖರ್ಚು ಎಷ್ಟೋ ಅದು ಬೇಕು. ಹಾಗೆಯೇ ಮನೆ ಬಹಳ ದಿನ ಖಾಲಿ ಬಿದ್ದಿದ್ದರೆ, ಹಲವು ಪಾಲಿಸಿಗಳಲ್ಲಿ ಸತತ 30 ಅಥವಾ 60 ದಿನ ದಾಟಿದರೆ, ಕೆಲವು ರಕ್ಷಣೆಗಳು ನಿಲ್ಲುತ್ತವೆ. ದೂರ ಹೋಗುವ ಮುನ್ನ ಕಂಪನಿಗೆ ತಿಳಿಸಿದರೆ ಮುಂದುವರಿಸಿಕೊಳ್ಳುವ ದಾರಿ ಇರುತ್ತದೆ.

ಕಳುವಾದ, ಸುಟ್ಟ ಸಾಮಾನಿನ ಪಟ್ಟಿ ಮಾಡುವುದು ಮನಸ್ಸಿಗೆ ತೀರಾ ಕಷ್ಟದ ಕೆಲಸ. ಒಬ್ಬ ನಿವೃತ್ತ ಶಿಕ್ಷಕಿ ಮಾಡಿದ್ದನ್ನು ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಹೇಳಿಕೊಟ್ಟೆ. ಆಕೆ ಕಣ್ಣುಮುಚ್ಚಿ ಮುಂಬಾಗಿಲಿಂದ ಒಳಬಂದಂತೆ ನೆನೆದು, ಎಡಗೋಡೆಯಿಂದ ಶುರುಮಾಡಿ ಒಂದೊಂದೇ ಗೋಡೆಗೆ ಏನೇನು ಒರಗಿತ್ತೆಂದು ಮೊಮ್ಮಗನ ಕೈಯಲ್ಲಿ ಬರೆಸಿದರು. ಆಮೇಲೆ ಹಳೆಯ ಫೋಟೊಗಳನ್ನು ಹುಡುಕಿದರು. ಹುಟ್ಟುಹಬ್ಬದ ಫೋಟೊದಲ್ಲಿ ಮಗುವಿನ ಹಿಂದೆ ಸೋಫಾ, ಅದರ ಪಕ್ಕ ಹೊಲಿಗೆ ಯಂತ್ರ, ಗೋಡೆಯ ಮೇಲೆ ಗಡಿಯಾರ. ಬಿಲ್ಲು ಸುಟ್ಟುಹೋಗಿದ್ದರೂ ಅಂಗಡಿಯವರ ಕಂಪ್ಯೂಟರಿನಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ, ಹಳೆಯ ಇಮೇಲ್‌ನಲ್ಲಿ ಖರೀದಿಯ ಕುರುಹು ಸಿಕ್ಕಿತು. ಅಷ್ಟು ನೇರವಾದ ಪಟ್ಟಿಯನ್ನು ಕಂಡು ನಾನು ಕೇಳಬೇಕಾದ ಪ್ರಶ್ನೆಗಳೇ ಕಡಿಮೆಯಾದವು. ಒಡವೆಯ ಮಾತು ಬೇರೆ. ಅದಕ್ಕೆ ಹೆಚ್ಚಿನ ಪಾಲಿಸಿಗಳಲ್ಲಿ ಮಿತಿ ಇರುತ್ತದೆ, ದಾಟಿದ್ದನ್ನು ಮೊದಲೇ ಪ್ರತ್ಯೇಕವಾಗಿ ನಮೂದಿಸಿರಬೇಕು.

ಕಾರಿಗೆ ಬರುತ್ತೇನೆ. ಅಪಘಾತವಾದ ಕೂಡಲೇ ರಸ್ತೆಯ ಮೇಲೆ ಜಗಳ ಶುರುವಾಗುತ್ತದೆ. ಆ ಗದ್ದಲದಲ್ಲಿ ಬಾಯಿತಪ್ಪಿ ‘ತಪ್ಪೆಲ್ಲ ನನ್ನದೇ, ಖರ್ಚು ನಾನೇ ಕೊಡುತ್ತೇನೆ’ ಎನ್ನಬೇಡಿ. ಗಾಯಗೊಂಡವರಿಗೆ ನೆರವಾಗಿ, ಆಂಬುಲೆನ್ಸ್ ಕರೆಯಿರಿ, ಪೊಲೀಸರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿ. ಹೊಣೆ ಯಾರದು, ಎಷ್ಟು ಎಂಬುದು ಕಂಪನಿಯ ಒಪ್ಪಿಗೆ ಇಲ್ಲದೆ ನೀವು ಮಾತು ಕೊಡಬಾರದ ವಿಷಯ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ವಾಹನಗಳನ್ನು ಸರಿಸುವ ಮುನ್ನ, ಅಪಾಯವಿಲ್ಲದಿದ್ದರೆ, ರಸ್ತೆಯ ಗೆರೆಗಳು ಮತ್ತು ಎರಡೂ ನಂಬರ್ ಪ್ಲೇಟು ಕಾಣುವಂತೆ ದೂರದಿಂದ ಫೋಟೊ ತೆಗೆಯಿರಿ. ಎದುರಿನ ವಾಹನದ ನಂಬರು, ಚಾಲಕರ ಹೆಸರು, ಅವರ ವಿಮಾ ಕಂಪನಿ, ಕಂಡವರ ಫೋನ್ ನಂಬರು ಬರೆದುಕೊಳ್ಳಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನವೇ ಅದರ ದೃಶ್ಯವನ್ನು ಬೇರೆಡೆ ನಕಲು ಮಾಡಿ. ಮೆಮೊರಿ ತುಂಬಿದಂತೆ ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ.

ನೀರಿನಲ್ಲಿ ನಿಂತ ಕಾರನ್ನು ಮಾತ್ರ ಸ್ಟಾರ್ಟ್ ಮಾಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಸೇರಿರುವಾಗ ಕೀಲಿ ತಿರುಗಿಸಿದರೆ ಮೇಲೇರುವ ಪಿಸ್ಟನ್ ಆ ನೀರಿಗೆ ಬಡಿದು, ಅದನ್ನು ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಒಮ್ಮೊಮ್ಮೆ ಮುರಿದು ಎಂಜಿನ್ನಿನ ಗೋಡೆಯನ್ನೇ ಸೀಳುತ್ತದೆ. ನೀರು ನುಗ್ಗಿದ್ದು ಪ್ರಕೃತಿಯ ನಷ್ಟ. ಸ್ಟಾರ್ಟ್ ಮಾಡಿ ಎಂಜಿನ್ ಮುರಿದದ್ದು ಆಮೇಲೆ ಸೇರಿಕೊಂಡ ನಷ್ಟ ಎಂದು ಕಂಪನಿ ಬೇರ್ಪಡಿಸುತ್ತದೆ. ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಂಡಿರದಿದ್ದರೆ ಬಹಳ ಸಲ ಅದು ಮಾಲೀಕರ ಕೈಯಿಂದಲೇ ಹೋಗುತ್ತದೆ. ಬಾಗಿದ ರಾಡನ್ನು ಮೇಜಿನ ಮೇಲಿಟ್ಟು ಕಣ್ಣೀರು ಹಾಕಿದ ಬಾಡಿಗೆ ಕಾರಿನ ಚಾಲಕನೊಬ್ಬನ ನೆನಪು ನನಗಿನ್ನೂ ಮಾಸಿಲ್ಲ. ಅವನ ದುಡಿಮೆಯೆಲ್ಲ ಆ ಕಾರೇ ಆಗಿತ್ತು. ಬ್ಯಾಟರಿಯ ಸಂಪರ್ಕ ಬಿಡಿಸಿ, ಎಳೆದೊಯ್ಯುವ ವಾಹನ ತರಿಸಿ. ವಿದ್ಯುತ್ ಕಾರಾದರೆ ಯಾವ ವೈರಿಗೂ ಕೈ ಹಾಕದೆ ದೂರ ನಿಂತು ಕಂಪನಿಯವರನ್ನೇ ಕರೆಯಿರಿ.

ಗ್ಯಾರೇಜಿನಲ್ಲಿ ಸರ್ವೇಯರ್ ನೋಡುವ ಮುನ್ನ ರಿಪೇರಿ ಶುರುವಾಗಬಾರದು. ಬಿಚ್ಚಿದ ಮೇಲೆ ಒಳಗೆ ಇನ್ನಷ್ಟು ಹಾನಿ ಕಂಡರೆ ಮತ್ತೆ ಕರೆಸಿ ತೋರಿಸಬೇಕು. ಪೂರ್ತಿ ಬಿಲ್ ಏಕೆ ಬರಲಿಲ್ಲ ಎಂಬ ದೂರು ಸಾಮಾನ್ಯ. ರಬ್ಬರು, ಪ್ಲಾಸ್ಟಿಕ್ಕಿನಂಥ ಸವೆಯುವ ಭಾಗಗಳಿಗೆ ಅನೇಕ ಪಾಲಿಸಿಗಳಲ್ಲಿ ಸವಕಳಿ ಕಳೆಯುತ್ತಾರೆ, ಪ್ರತಿ ಕ್ಲೇಮಿಗೂ ಪಾಲಿಸಿದಾರ ತಾನೇ ಭರಿಸಬೇಕಾದ ಒಂದು ಮೊತ್ತವೂ ಇರುತ್ತದೆ. ಸಣ್ಣ ಗೀರಿಗೆ ಕ್ಲೇಮು ಹಾಕುವ ಮುನ್ನ ಆ ಮೊತ್ತವನ್ನೂ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಹೋಗುತ್ತದೆಯೇ ಎಂಬುದನ್ನೂ ಕೂಡಿಸಿ ಕಳೆದು ನೋಡಿ. ಕಳವಿನ ಕ್ಲೇಮಿನಲ್ಲಿ ಪೊಲೀಸ್ ದೂರಿನ ಪ್ರತಿ, ಕಾರಿನ ಎರಡೂ ಕೀಲಿ ಕೇಳುತ್ತಾರೆ. ಒಂದು ಕೀಲಿ ಎಂದೋ ಕಳೆದಿದ್ದರೆ ಕಳೆದಾಗಲೇ ಅದಕ್ಕೊಂದು ದಾಖಲೆ ಮಾಡಿಟ್ಟಿರಬೇಕು.

ಪ್ರವಾಸದ ಕ್ಲೇಮು ಕೆಡುವುದು ಹೆಚ್ಚಾಗಿ ವಿಮಾನ ನಿಲ್ದಾಣದ ಬಾಗಿಲಲ್ಲಿ. ಬ್ಯಾಗು ಬರಲಿಲ್ಲ, ರಾತ್ರಿಯಾಗಿದೆ, ಮಕ್ಕಳು ಅಳುತ್ತಿವೆ, ನಾಳೆ ನೋಡೋಣ ಎಂದು ಹೊರಬಂದುಬಿಡುತ್ತಾರೆ. ಬರಬೇಡಿ. ಲಗೇಜು ಹಾಲಿನೊಳಗೇ ಇರುವ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ‘ಪ್ರಾಪರ್ಟಿ ಇರೆಗ್ಯುಲ್ಯಾರಿಟಿ ರಿಪೋರ್ಟ್’ ಎಂಬ ವರದಿ ಬರೆಸಿ, ಅದರ ಉಲ್ಲೇಖ ಸಂಖ್ಯೆ ತೆಗೆದುಕೊಳ್ಳಿ. ಬಹಳಷ್ಟು ಸಂಸ್ಥೆಗಳು ಬಳಸುವ ವರ್ಲ್ಡ್‌ಟ್ರೇಸರ್ ವ್ಯವಸ್ಥೆಯಲ್ಲಿ ಬ್ಯಾಗನ್ನು ಹುಡುಕುವುದು ಆ ಸಂಖ್ಯೆಯಿಂದಲೇ, ಪ್ರವಾಸ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಬೋರ್ಡಿಂಗ್ ಪಾಸ್ ಮತ್ತು ಬ್ಯಾಗ್ ಚೀಟಿ ಹರಿದೆಸೆಯಬೇಡಿ.

ಇದರ ಜೊತೆ ವಿಮಾನ ಸಂಸ್ಥೆಯ ಮೇಲೆ ನಿಮಗೆ ನೇರವಾದ ಹಕ್ಕೂ ಇದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಒಳಪಡುವ ಅಂತರರಾಷ್ಟ್ರೀಯ ಪ್ರಯಾಣಗಳಲ್ಲಿ, ಚೆಕ್-ಇನ್ ಮಾಡಿದ ಬ್ಯಾಗು ಜಖಂ ಆಗಿದ್ದರೆ ಅದು ಕೈಸೇರಿದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಬ್ಯಾಗು ಕಳೆದಿದೆ ಎಂದು ಹಿಡಿದು ಪರಿಹಾರ ಕೇಳಬಹುದು. ಮೊಕದ್ದಮೆ ಹೂಡಲು ಇರುವುದು 2 ವರ್ಷ. ಲಗೇಜಿಗೆ ಸಂಸ್ಥೆ ಹೊರುವ ಗರಿಷ್ಠ ಹೊಣೆ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ 1519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಅದಕ್ಕಿಂತ ಬೆಲೆಬಾಳುವುದನ್ನು ಒಯ್ಯುವವರು ಚೆಕ್-ಇನ್ ಮಾಡುವಾಗಲೇ ವಿಶೇಷ ಘೋಷಣೆ ಬರೆದು, ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಬೇಕು.

ಪರದೇಶದಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದರೆ ಪಾಲಿಸಿಯ ಮೇಲಿರುವ ಸಹಾಯವಾಣಿಗೆ ದಾಖಲಾಗುವ ಮುನ್ನವೇ, ಪ್ರಜ್ಞೆಯಿಲ್ಲದ ಸ್ಥಿತಿಯಾದರೆ ಜೊತೆಗಿದ್ದವರು ಸಾಧ್ಯವಾದಷ್ಟು ಬೇಗ, ತಿಳಿಸಬೇಕು. ಆ ನಂಬರು ಫೋನಿನಲ್ಲಿ ಮಾತ್ರ ಇದ್ದು ಫೋನು ಕಳೆದರೆ ಏನು ಗತಿ? ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಒಟ್ಟು ಮೊತ್ತದ ಬಿಲ್ಲು ಸಾಲದು. ಯಾವ ಪರೀಕ್ಷೆಗೆ, ಯಾವ ಔಷಧಿಗೆ ಎಷ್ಟು ಎಂಬ ವಿವರದ ಬಿಲ್ಲು ಮತ್ತು ಡಿಸ್ಚಾರ್ಜ್ ಸಾರಾಂಶವನ್ನು ಹೊರಡುವ ಮುನ್ನವೇ ಕೇಳಿ ಪಡೆಯಬೇಕು. ಊರಿಗೆ ಮರಳಿದ ಮೇಲೆ ಸಮುದ್ರದಾಚೆಯ ಆಸ್ಪತ್ರೆಯಿಂದ ಒಂದು ಕಾಗದ ತರಿಸುವ ಪಾಡು ಯಾರಿಗೂ ಬೇಡ. ಪ್ರವಾಸ ರದ್ದಾದರೆ, ರದ್ದಾದ ಕಾರಣ ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳಲ್ಲಿ ಒಂದಾಗಿರಬೇಕು. ವಿಮಾನ ಸಂಸ್ಥೆ, ಹೋಟೆಲು ಎಷ್ಟು ಹಿಂದಿರುಗಿಸಿದವು ಎಂಬ ಪತ್ರವೂ ಬೇಕಾಗುತ್ತದೆ.

ಸರ್ವೇಯರ್ ಬಂದಾಗ ಅವರನ್ನು ಶತ್ರುವೆಂದು ಭಾವಿಸಬೇಡಿ ಎಂದು, ಆ ಕೆಲಸ ಮಾಡಿದವಳಾಗಿ ಕೇಳಿಕೊಳ್ಳುತ್ತೇನೆ. ಅವರ ಜೊತೆ ಮನೆಯೆಲ್ಲ ಓಡಾಡಿ, ಅವರು ನೋಡದೆ ಬಿಟ್ಟದ್ದನ್ನು ತೋರಿಸಿ, ಟಿಪ್ಪಣಿಯಲ್ಲಿ ಸೇರಿಸಿಕೊಂಡರೇ ಎಂದು ಕೇಳಿ. ಕೊಟ್ಟ ಪ್ರತಿಯೊಂದು ಕಾಗದದ ನಕಲಿನ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ ಪಡೆಯಿರಿ. ಒಳ್ಳೆಯ ಸರ್ವೇಯರ್‌ಗೆ ಇದರಿಂದ ಬೇಸರವಾಗುವುದಿಲ್ಲ. ವರದಿ ತಯಾರಾದ ಮೇಲೆ ಅದರ ಪ್ರತಿ ಕೇಳಿ.

ಹಣದ ಪತ್ರ ಬಂದಾಗ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. ಕೈ ಬರಿದಾಗಿರುವವರು ಓದದೆ ಸಹಿ ಹಾಕುತ್ತಾರೆ, ಆಮೇಲೆ ಬಾಕಿ ಕೇಳಿದರೆ ಆ ಸಹಿಯನ್ನೇ ತೋರಿಸುತ್ತಾರೆ. ಮೊದಲು ಲೆಕ್ಕದ ವಿವರ ಕೇಳಿ: ನೀವು ಕೇಳಿದ್ದೆಷ್ಟು, ಕಳೆದದ್ದೆಷ್ಟು, ಯಾವ ಕಾರಣಕ್ಕೆ. ಒಪ್ಪಿಗೆಯಿಲ್ಲದಿದ್ದರೆ ತಕರಾರಿಲ್ಲದ ಭಾಗವನ್ನು ಮುಂಗಡವಾಗಿ ಬಿಡುಗಡೆ ಮಾಡಿ, ಉಳಿದದ್ದಕ್ಕೆ ನನ್ನ ಆಕ್ಷೇಪಣೆ ಇದೆ ಎಂದು ಬರೆದು ತಿಳಿಸಿ. ಬೇರೆ ದಾರಿಯೇ ಇಲ್ಲದೆ ಸಹಿ ಮಾಡಬೇಕಾಗಿ ಬಂದರೆ ಆಕ್ಷೇಪಣೆಯನ್ನು ಸಹಿಯ ಪಕ್ಕದಲ್ಲೇ ಬರೆಯಿರಿ.

ಕಂಪನಿಗಳಿಗೂ ಎರಡು ಮಾತು. ಪಾಲಿಸಿದಾರ ಏನನ್ನೂ ಮುಚ್ಚಿಡಬಾರದು ಎಂಬ ‘ಪರಮ ವಿಶ್ವಾಸ’ದ ತತ್ವವನ್ನು ನೀವು ತಿರಸ್ಕಾರದ ಪತ್ರಗಳಲ್ಲಿ ಧಾರಾಳವಾಗಿ ಉಲ್ಲೇಖಿಸುತ್ತೀರಿ. ಆ ತತ್ವಕ್ಕೆ ಬುನಾದಿ ಹಾಕಿದ್ದು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲಿ ಕೊಟ್ಟ ಕಾರ್ಟರ್ ಮತ್ತು ಬೋಹ್ಮ್ ನಡುವಿನ ಪ್ರಕರಣದ ತೀರ್ಪು. ಸುಮಾತ್ರಾದ ಫೋರ್ಟ್ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಕೋಟೆ ವೈರಿಗಳ ವಶವಾದರೆ ಎಂದು ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲವಾಗಿದ್ದುದನ್ನು ನಮಗೆ ಹೇಳಲಿಲ್ಲ ಎಂದು ವಿಮೆ ಕೊಟ್ಟವರು ವಾದಿಸಿದರು. ಗೆದ್ದವನು ಕಾರ್ಟರ್. ವಿಮೆ ಕೊಡುವವನಿಗೆ ಗೊತ್ತಿದ್ದದ್ದನ್ನು, ಅವನೇ ವಿಚಾರಿಸಿ ತಿಳಿಯಬೇಕಾಗಿದ್ದದ್ದನ್ನು ಪಾಲಿಸಿದಾರ ಹೇಳಬೇಕಿಲ್ಲ, ವಿಶ್ವಾಸದ ಕಟ್ಟು ಎರಡೂ ಕಡೆಯವರ ಮೇಲಿದೆ ಎಂದು ಮ್ಯಾನ್ಸ್‌ಫೀಲ್ಡ್ ಹೇಳಿದರು. ಮಾರುವಾಗ ಒಂದು ಪ್ರಶ್ನೆಯನ್ನೂ ಕೇಳದೆ ಪ್ರೀಮಿಯಂ ತೆಗೆದುಕೊಂಡು, ನಷ್ಟವಾದ ಮೇಲೆ ನೂರು ಪ್ರಶ್ನೆ ಕೇಳುವುದು ಆ ತೀರ್ಪಿಗೂ ಸಲ್ಲದು, ಮನುಷ್ಯತ್ವಕ್ಕೂ ಸಲ್ಲದು. ಬೇಕಾದ ಕಾಗದಗಳನ್ನು ಒಮ್ಮೆಗೇ ಕೇಳಿ. ವಾರಕ್ಕೊಂದರಂತೆ ಕೇಳಿ ಜನರನ್ನು ದಣಿಸಬೇಡಿ. ದಣಿದು ಕ್ಲೇಮು ಬಿಟ್ಟವರ ಸಂಖ್ಯೆ ಯಾವ ಕಡತದಲ್ಲೂ ಇರುವುದಿಲ್ಲ, ಆದರೆ ಅಂಥವರಿದ್ದಾರೆ. ನಾನು ಅವರ ಮನೆಗಳಿಗೆ ಹೋಗಿದ್ದೇನೆ.

ಇನ್ನು ಕ್ಲೇಮು ತಿರಸ್ಕೃತವಾದವರಿಗೆ. ಫೋನಿನಲ್ಲಿ ‘ಆಗುವುದಿಲ್ಲ’ ಎಂದದ್ದು ತಿರಸ್ಕಾರವಲ್ಲ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಆಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಬಂದಾಗ ಆ ಷರತ್ತನ್ನು ಪಾಲಿಸಿಯಲ್ಲಿ ಹುಡುಕಿ, ಅದರ ಹಿಂದುಮುಂದಿನ ಸಾಲುಗಳನ್ನೂ ಓದಿ. ಹೊರಗಿಡುವ ಷರತ್ತಿನ ಕೆಳಗೇ ಅದಕ್ಕೊಂದು ವಿನಾಯಿತಿ ಇರುವುದು ಅಪರೂಪವಲ್ಲ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ, ಅಲ್ಲಿ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ, ಇರುವ ಕಡೆ ಅವರಿಗೆ, ಆಮೇಲೆ ನ್ಯಾಯಾಲಯ. ಪ್ರತಿ ಮೆಟ್ಟಿಲಿಗೂ ಕಾಲದ ಗಡುವಿದೆ, ಅದು ಸಾಮಾನ್ಯವಾಗಿ ತಿರಸ್ಕಾರದ ಪತ್ರದ ದಿನಾಂಕದಿಂದ ಓಡಲು ಶುರುವಾಗುತ್ತದೆ. ಅಂಥದೊಂದು ಪತ್ರವನ್ನು ನೋವಿನಿಂದ ಮಡಿಸಿ ಬೀರುವಿನಲ್ಲಿಟ್ಟವರು ಈ ಪತ್ರ ಓದುತ್ತಿದ್ದರೆ, ಇಂದೇ ಹೊರತೆಗೆದು ಅದರ ಮೇಲಿನ ದಿನಾಂಕ ನೋಡಿ, ತಿಳಿದವರೊಬ್ಬರಿಗೆ ತೋರಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾ ಸರ್ವೇಯರ್